ಮಣಿಕಟ್ಟು ಮುರಿದಾಗ ಕೇಳದೇ ಉಳಿದ ಪ್ರಶ್ನೆ

ಮುಟ್ಟು ನಿಂತು ನಾಲ್ಕೈದು ವರ್ಷ ಕಳೆದ ಹೆಂಗಸೊಬ್ಬರು ಒದ್ದೆ ಬಚ್ಚಲಲ್ಲಿ ಜಾರುತ್ತಾರೆ. ಬೀಳುವಾಗ ಕೈ ಊರುತ್ತಾರೆ, ಮಣಿಕಟ್ಟು ಮುರಿಯುತ್ತದೆ. ಎಕ್ಸ್‌ರೇ, ಆರು ವಾರದ ಪ್ಲಾಸ್ಟರ್, ಒಂದು ಸ್ಟ್ರಿಪ್ ಕ್ಯಾಲ್ಸಿಯಂ ಮಾತ್ರೆ. ಅಲ್ಲಿಗೆ ಮುಗಿಯಿತು. ಬಿದ್ದದ್ದಕ್ಕೆ ಮುರಿಯಿತು ಎಂದು ಮನೆಯವರೂ ಒಪ್ಪುತ್ತಾರೆ, ಆಸ್ಪತ್ರೆಯೂ ಒಪ್ಪುತ್ತದೆ. ನಿಂತಲ್ಲಿಂದ ಬಿದ್ದ ಮಾತ್ರಕ್ಕೆ ಐವತ್ತೆರಡು ವರ್ಷದ ಮೂಳೆ ಯಾಕೆ ಮುರಿಯಬೇಕು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಕೇಳಬೇಕಾದ ಹೊತ್ತು ಅದೇ. ಐವತ್ತು ದಾಟಿದ ಮೇಲೆ ಒಮ್ಮೆ ಹೀಗೆ ಮೂಳೆ ಮುರಿದವರಿಗೆ ಮತ್ತೊಂದು ಮುರಿತದ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಜಗತ್ತಿನಲ್ಲಿ ಐವತ್ತು ಮೀರಿದ ಮೂವರು ಹೆಂಗಸರಲ್ಲಿ ಒಬ್ಬರು ಉಳಿದ ಆಯುಷ್ಯದಲ್ಲಿ ಇಂಥ ಮುರಿತ ಕಾಣುತ್ತಾರೆ. ಗಂಡಸರಲ್ಲಿ ಐವರಲ್ಲಿ ಒಬ್ಬರು. ಮೊದಲು ಮಣಿಕಟ್ಟು, ಆಮೇಲೆ ಸದ್ದಿಲ್ಲದೆ ಕುಸಿಯುವ ಬೆನ್ನೆಲುಬು, ಎಪ್ಪತ್ತರ ಹೊತ್ತಿಗೆ ಸೊಂಟ. ಹಲವು ಹೆಂಗಸರ ಬದುಕಿನಲ್ಲಿ ಇದು ಇದೇ ಕ್ರಮದಲ್ಲಿ ನಡೆಯುತ್ತದೆ. ತಡೆಯುವ ಔಷಧಿಗಳು ಮೂವತ್ತು ವರ್ಷಗಳಿಂದ ಇವೆ, ಅಗ್ಗವೂ ಆಗಿವೆ. ಮೂಳೆ ಟೊಳ್ಳಾಗುವ ಈ ಕಾಯಿಲೆಯ, ಆಸ್ಟಿಯೊಪೊರೋಸಿಸ್‌ನ, ಬಗ್ಗೆ ಇಂದು ಇರುವ ದೊಡ್ಡ ಕೊರತೆ ವಿಜ್ಞಾನದ್ದಲ್ಲ. ಗೊತ್ತಿರುವುದನ್ನು ಸರಿಯಾದ ಹೊತ್ತಿಗೆ ಸರಿಯಾದವರಿಗೆ ಮುಟ್ಟಿಸದೇ ಇರುವುದು.

ಮೂಳೆ ನೋಡಲು ಕಲ್ಲಿನಂತಿದ್ದರೂ ಜೀವಂತ ಅಂಗ. ಅದರೊಳಗೆ ಎರಡು ಬಗೆಯ ಕೋಶಗಳು ಸದಾ ಕೆಲಸದಲ್ಲಿರುತ್ತವೆ. ಆಸ್ಟಿಯೊಕ್ಲಾಸ್ಟ್‌ಗಳು ಹಳೆಯ ಮೂಳೆಯನ್ನು ಕರಗಿಸುತ್ತವೆ, ಆಸ್ಟಿಯೊಬ್ಲಾಸ್ಟ್‌ಗಳು ಆ ಗುಂಡಿಯಲ್ಲಿ ಹೊಸ ಮೂಳೆ ತುಂಬುತ್ತವೆ. ಇಪ್ಪತ್ತೈದು–ಮೂವತ್ತರವರೆಗೆ ತುಂಬುವುದು ಹೆಚ್ಚು. ಅಲ್ಲಿಂದ ಮುಂದೆ ಕೆಲಕಾಲ ಎರಡೂ ಸಮ. ಕರಗಿಸುವ ಕೋಶಗಳಿಗೆ ಕಡಿವಾಣ ಹಾಕುವುದು ಈಸ್ಟ್ರೋಜನ್ ಹಾರ್ಮೋನು. ಮುಟ್ಟು ನಿಂತಾಗ ಆ ಕಡಿವಾಣ ಸಡಿಲವಾಗುತ್ತದೆ. ಮೊದಲ ಐದಾರು ವರ್ಷ ಮೂಳೆ ವೇಗವಾಗಿ ಕರಗುತ್ತದೆ, ಕೆಲವರಲ್ಲಿ ಈ ಅವಧಿಯಲ್ಲೇ ಐದರಲ್ಲಿ ಒಂದು ಪಾಲಿನಷ್ಟು. ಒಳಗಿನ ಜಾಲರಿಯಂಥ ಭಾಗ ಹೆಚ್ಚಿರುವ ಬೆನ್ನೆಲುಬಿನ ಬಿಲ್ಲೆಗಳಿಗೆ ಪೆಟ್ಟು ಮೊದಲು ಬೀಳುತ್ತದೆ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ವೈದ್ಯ ಫುಲರ್ ಆಲ್ಬ್ರೈಟ್ 1940ರ ಸುಮಾರಿಗೆ ಈ ನಂಟನ್ನು ಗುರುತಿಸಿ, ಮುಟ್ಟು ನಿಂತ ನಂತರದ ಆಸ್ಟಿಯೊಪೊರೋಸಿಸ್ ಎಂದು ಅದನ್ನು ಪ್ರತ್ಯೇಕವಾಗಿ ವಿವರಿಸಿದರು. ಬೆನ್ನು ಬಾಗಿದ ರೋಗಿಗಳಲ್ಲಿ ಹೆಚ್ಚಿನವರು ಮುಟ್ಟು ನಿಂತವರು ಎಂಬುದನ್ನು ಅವರು ಹಾಸಿಗೆಯ ಬಳಿ ನಿಂತು ಕಂಡುಕೊಂಡಿದ್ದರು, ಯಾವ ಸ್ಕ್ಯಾನೂ ಇಲ್ಲದ ಕಾಲದಲ್ಲಿ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಮಂಡಿ ನೋವೆಂದು ಹೋದವರಿಗೆ “ವಯಸ್ಸಾಯ್ತಲ್ಲಮ್ಮ, ಮೂಳೆ ಸವೆದಿದೆ” ಎಂದು ಹೇಳಿ ಕಳಿಸುವುದು ವಾಡಿಕೆ. ಅದು ಕೀಲಿನ ಮೆದುಮೂಳೆ ಸವೆಯುವ ಸಂಧಿವಾತ, ಬೇರೆಯೇ ಕಾಯಿಲೆ. ಆಸ್ಟಿಯೊಪೊರೋಸಿಸ್ ನೋಯುವುದಿಲ್ಲ. ಮುರಿಯುವವರೆಗೆ ಅದಕ್ಕೆ ಲಕ್ಷಣವೇ ಇಲ್ಲ. ಮಂಡಿ ನೋವಿಗೆಂದು ವರ್ಷಗಟ್ಟಲೆ ಕ್ಯಾಲ್ಸಿಯಂ ನುಂಗಿದವರು ತಮ್ಮ ಮೂಳೆಯ ಬಗ್ಗೆ ಮಾಡಬೇಕಾದದ್ದನ್ನೆಲ್ಲ ಮಾಡಿದ್ದೇವೆ ಎಂದುಕೊಂಡುಬಿಡುವುದು ಈ ಗೊಂದಲದ ನಿಜವಾದ ನಷ್ಟ. ನೋವಿಲ್ಲದೆಯೂ ಸುಳಿವು ಕೊಡುವ ಒಂದು ಗುರುತು ಇದೆ: ಹರೆಯದಲ್ಲಿದ್ದ ಎತ್ತರಕ್ಕಿಂತ ನಾಲ್ಕು ಸೆಂಟಿಮೀಟರ್ ಕಡಿಮೆಯಾಗಿದ್ದರೆ ಬೆನ್ನೆಲುಬಿನ ಬಿಲ್ಲೆಗಳು ಕುಸಿದಿರಬಹುದು. ಬೆನ್ನಿನ ಎಕ್ಸ್‌ರೇ ತೆಗೆಸಲು ಅಷ್ಟು ಕಾರಣ ಸಾಕು.

ಪಶ್ಚಿಮದ ದೇಶಗಳಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು ಸುಮಾರು 51. ಭಾರತದಲ್ಲಿ 46–47. ಅಂದರೆ ನಮ್ಮ ಹೆಂಗಸರ ಮೂಳೆ ಈಸ್ಟ್ರೋಜನ್ನಿನ ಕಾವಲನ್ನು ನಾಲ್ಕೈದು ವರ್ಷ ಮೊದಲೇ ಕಳೆದುಕೊಳ್ಳುತ್ತದೆ. ಬಾಲ್ಯದ ಅಪೌಷ್ಟಿಕತೆ, ಒಂದರ ಹಿಂದೊಂದು ಬಸಿರು, ತಿಂಗಳುಗಟ್ಟಲೆ ಹಾಲೂಡಿಸುವಾಗ ಮನೆಮಂದಿಯೆಲ್ಲ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಪದ್ಧತಿ ಇವೆಲ್ಲ ಸೇರಿ ಮೂವತ್ತರಲ್ಲಿ ಗಳಿಸಿದ ಮೂಳೆಯ ಗಂಟೂ ಚಿಕ್ಕದೇ. ಭಾರತದಲ್ಲಿ ಸೊಂಟದ ಮುರಿತ ಪಶ್ಚಿಮಕ್ಕಿಂತ ಸುಮಾರು ಒಂದು ದಶಕ ಮೊದಲೇ ಕಾಣಿಸಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ.

ಮುಟ್ಟು ತಾನಾಗಿ ನಿಲ್ಲುವುದಷ್ಟೇ ಅಲ್ಲ, ನಿಲ್ಲಿಸಲ್ಪಡುವುದೂ ಇದೆ. ಕಲಬುರಗಿ ಜಿಲ್ಲೆಯ ತಾಂಡಾ, ಹಳ್ಳಿಗಳ ಲಂಬಾಣಿ ಮತ್ತು ದಲಿತ ಹೆಂಗಸರು, ಅವರಲ್ಲಿ ಹಲವರು ನಲವತ್ತರೊಳಗಿನವರು, ಹೊಟ್ಟೆನೋವು, ಬಿಳಿಸೆರಗು ಎಂದು ಖಾಸಗಿ ಆಸ್ಪತ್ರೆಗಳಿಗೆ ಹೋಗಿ ಗರ್ಭಕೋಶ ತೆಗೆಸಿಕೊಂಡು ಬಂದ ಪ್ರಕರಣ ಕಳೆದ ದಶಕದಲ್ಲಿ ಬಯಲಿಗೆ ಬಂತು. ಸಂತ್ರಸ್ತ ಹೆಂಗಸರು ಬೀದಿಗಿಳಿದರು, ಸರ್ಕಾರದ ತನಿಖೆಯೂ ನಡೆಯಿತು. ಆಗ ಚರ್ಚೆಯಾದದ್ದು ಹೆಚ್ಚಾಗಿ ಹಣ ಮತ್ತು ವಂಚನೆ. ಮೂಳೆಯ ಲೆಕ್ಕ ಅದರಷ್ಟೇ ಗಂಭೀರವಾದದ್ದು. ಗರ್ಭಕೋಶದ ಜೊತೆ ಎರಡೂ ಅಂಡಾಶಯಗಳನ್ನು ತೆಗೆದರೆ ಈಸ್ಟ್ರೋಜನ್ ಒಂದೇ ದಿನದಲ್ಲಿ ಕುಸಿಯುತ್ತದೆ. ಮೂವತ್ತೈದರಲ್ಲಿ ಅಂಡಾಶಯ ಕಳೆದುಕೊಂಡ ಹೆಂಗಸು ಐವತ್ತಕ್ಕೆ ಕಾಲಿಡುವಾಗ ಅವರ ಮೂಳೆ ಹದಿನೈದು ವರ್ಷದ ನಷ್ಟ ಹೊತ್ತಿರುತ್ತದೆ. ಅಂಥವರಿಗೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಹಾರ್ಮೋನು ಕೊಡಬೇಕು, ಕೊಡದಿರಲು ಬೇರೆ ಕಾರಣವಿಲ್ಲದಿದ್ದರೆ. ಬಿಡುಗಡೆಯ ಚೀಟಿಯಲ್ಲಿ ಅಂಡಾಶಯ ಉಳಿಸಿದೆಯೋ ಇಲ್ಲವೋ ಎಂಬುದೇ ಸ್ಪಷ್ಟವಿಲ್ಲದ ಕಡೆ ಈ ಮಾತು ಯಾರ ಕಿವಿಗೂ ಬೀಳುವುದಿಲ್ಲ.

ಮೂಳೆಯನ್ನು ಅಳೆಯುವ ಯಂತ್ರ ಡೆಕ್ಸಾ. ಬಹಳ ಕಡಿಮೆ ಎಕ್ಸ್‌ಕಿರಣದಿಂದ ಸೊಂಟ ಮತ್ತು ಬೆನ್ನಿನ ಮೂಳೆಯ ಸಾಂದ್ರತೆ ನೋಡುತ್ತದೆ. ಆರೋಗ್ಯವಂತ ಯುವತಿಯರ ಸರಾಸರಿಗೆ ಹೋಲಿಸಿ ಬರುವ ಅಂಕಿಯೇ ಟಿ-ಸ್ಕೋರ್. ಅದು ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್ ಎಂದು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಗೆರೆ ಎಳೆಯಿತು. ಗೆರೆ ಅನುಕೂಲಕ್ಕೆ ಎಳೆದದ್ದು. ಮುರಿತಗಳು ಅದನ್ನು ಲೆಕ್ಕಿಸುವುದಿಲ್ಲ: ಮೂಳೆ ಮುರಿದುಕೊಳ್ಳುವ ಹೆಂಗಸರಲ್ಲಿ ಬಹಳಷ್ಟು ಮಂದಿಯ ಸ್ಕೋರು ಆ ಗೆರೆಗಿಂತ ಮೇಲೆಯೇ ಇರುತ್ತದೆ. ಟೈಪ್ 2 ಮಧುಮೇಹ ಇರುವವರಲ್ಲಂತೂ ಸ್ಕ್ಯಾನ್ ತೋರುವುದಕ್ಕಿಂತ ಮೂಳೆ ದುರ್ಬಲ. ಅದಕ್ಕಾಗಿಯೇ ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಜಾನ್ ಕೇನಿಸ್ ಮತ್ತು ಸಂಗಡಿಗರು 2008ರಲ್ಲಿ ಫ್ರ್ಯಾಕ್ಸ್ ಎಂಬ ಲೆಕ್ಕಾಚಾರ ತಂದರು. ವಯಸ್ಸು, ತೂಕ, ಹಿಂದಿನ ಮುರಿತ, ತಾಯಿ ಅಥವಾ ತಂದೆಯ ಸೊಂಟ ಮುರಿದಿತ್ತೇ, ಸ್ಟೀರಾಯ್ಡ್ ತೆಗೆದುಕೊಂಡಿದ್ದಾರೆಯೇ ಇತ್ಯಾದಿ ಪ್ರಶ್ನೆಗಳಿಗೆ ಉತ್ತರ ತುಂಬಿದರೆ ಮುಂದಿನ ಹತ್ತು ವರ್ಷದ ಅಪಾಯ ಎಷ್ಟೆಂದು ಹೇಳುತ್ತದೆ. ಸ್ಕ್ಯಾನ್ ಇಲ್ಲದೆಯೂ ಬಳಸಬಹುದು. ಭಾರತದ ಫ್ರ್ಯಾಕ್ಸ್‌ಗೆ ಆಧಾರವಾದ ಮುರಿತದ ಅಂಕಿ ಮಾತ್ರ ಸಿಂಗಾಪುರದಲ್ಲಿ ನೆಲೆಸಿದ ಭಾರತೀಯರದ್ದು. ನೂರ ನಲವತ್ತು ಕೋಟಿ ಜನರ ದೇಶ ತನ್ನ ಅಪಾಯವನ್ನು ಇನ್ನೊಂದು ದೇಶದ ವಲಸಿಗರಿಂದ ಅಳೆದುಕೊಳ್ಳುತ್ತಿದೆ.

ಹಿಮ್ಮಡಿಯನ್ನು ಯಂತ್ರದೊಳಗಿಟ್ಟು ಎರಡು ನಿಮಿಷದಲ್ಲಿ ಚೀಟಿ ಕೊಡುವ ಉಚಿತ ಶಿಬಿರಗಳು ಊರೂರಿನಲ್ಲಿ ನಡೆಯುತ್ತವೆ. ಅದು ಅಲ್ಟ್ರಾಸೌಂಡ್. ಡೆಕ್ಸಾ ಬೇಕೋ ಬೇಡವೋ ಎಂಬ ಅಂದಾಜಿಗೆ ಸಾಕು. ಆ ಚೀಟಿಯೊಂದನ್ನೇ ನಂಬಿ ಔಷಧಿ ಶುರುಮಾಡುವಂತಿಲ್ಲ.

ಕರ್ನಾಟಕಕ್ಕೇ ಸೇರಿದ ಇನ್ನೊಂದು ತೊಡಕಿದೆ, ಫ್ಲೋರೈಡ್. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಅದು ಮಿತಿ ಮೀರಿದೆ, ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಅಪಾಯ. ಫ್ಲೋರೈಡ್ ಮೂಳೆಯೊಳಗೆ ಸೇರಿ ಸಾಂದ್ರತೆ ಹೆಚ್ಚಿಸುತ್ತದೆ, ಡೆಕ್ಸಾದಲ್ಲಿ ಅಂಕಿ ಚೆಂದ ಕಾಣುತ್ತದೆ. ಆದರೆ ಆ ಮೂಳೆ ಪೆಡಸು, ಗಟ್ಟಿಯಲ್ಲ. ಇದನ್ನು ವೈದ್ಯಲೋಕ ದೊಡ್ಡ ಬೆಲೆ ತೆತ್ತು ಕಲಿತಿದೆ. ಒಂದು ಕಾಲದಲ್ಲಿ ಸೋಡಿಯಂ ಫ್ಲೋರೈಡನ್ನೇ ಆಸ್ಟಿಯೊಪೊರೋಸಿಸ್‌ಗೆ ಔಷಧಿಯಾಗಿ ಕೊಡುತ್ತಿದ್ದರು. ಅಮೆರಿಕದ ಮೇಯೊ ಕ್ಲಿನಿಕ್ಕಿನ ಲಾರೆನ್ಸ್ ರಿಗ್ಸ್ ಮತ್ತು ತಂಡ 202 ಹೆಂಗಸರ ಮೇಲೆ ನಾಲ್ಕು ವರ್ಷ ನಡೆಸಿದ ಪರೀಕ್ಷೆಯ ಫಲಿತಾಂಶ 1990ರಲ್ಲಿ ಪ್ರಕಟವಾಯಿತು. ಫ್ಲೋರೈಡ್ ಪಡೆದವರ ಸೊಂಟದ ಮಟ್ಟದ ಬೆನ್ನೆಲುಬಿನ ಸಾಂದ್ರತೆ ಶೇ. 35ರಷ್ಟು ಏರಿತ್ತು, ಬೆನ್ನೆಲುಬು ಬಿಟ್ಟು ಉಳಿದೆಡೆಯ ಮುರಿತಗಳು ಸುಮಾರು ಮೂರು ಪಟ್ಟಾಗಿದ್ದವು. ಪಾವಗಡದ ಹೆಂಗಸಿನ ಸ್ಕ್ಯಾನಿನಲ್ಲಿ ‘ನಾರ್ಮಲ್’ ಎಂದು ಬಂದರೆ ಅವರು ಕುಡಿಯುವ ನೀರು ಯಾವುದೆಂದು ಕೇಳದೆ ವೈದ್ಯರು ನಿಶ್ಚಿಂತರಾಗಬಾರದು.

ಇನ್ನು ಊಟ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಪರಿಷ್ಕರಿಸಿದ ಪಟ್ಟಿಯ ಪ್ರಕಾರ ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ, ಮುಟ್ಟು ನಿಂತ ಹೆಂಗಸರಿಗೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಇದೆ; ಅಷ್ಟೇ ಅಕ್ಕಿಯಲ್ಲಿ ಹತ್ತೂ ಇಲ್ಲ. ದಿನಕ್ಕೆರಡು ಮುದ್ದೆ ಉಣ್ಣುವ ಮಂಡ್ಯ, ತುಮಕೂರು ಕಡೆಯವರು ಅರ್ಧ ದಾರಿ ಕ್ರಮಿಸಿದಂತೆ. ಒಂದು ಲೋಟ ಹಾಲು ಅಥವಾ ಅಷ್ಟೇ ಮೊಸರು 240ರ ಆಸುಪಾಸು. ಎಳ್ಳು ಇನ್ನೂ ಶ್ರೀಮಂತ, ಒಂದು ದೊಡ್ಡ ಚಮಚದಲ್ಲೇ ನೂರರ ಮೇಲೆ. ಉತ್ತರ ಕರ್ನಾಟಕದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಸಂಕ್ರಾಂತಿಗಷ್ಟೇ ಸೀಮಿತವಾಗಬೇಕಿಲ್ಲ. ನುಗ್ಗೆ ಸೊಪ್ಪಿನಲ್ಲೂ ಧಾರಾಳವಾಗಿದೆ. ಕರಾವಳಿಯಲ್ಲಿ ಮುಳ್ಳು ಸಮೇತ ತಿನ್ನುವ ಚಿಕ್ಕ ಒಣಮೀನು, ಗಂಜಿಯಲ್ಲಿ ಸಿಗದ ಕ್ಯಾಲ್ಸಿಯಂ ತುಂಬುತ್ತದೆ. ರಾಗಿಯಲ್ಲಿರುವ ಫೈಟೇಟ್ ಕ್ಯಾಲ್ಸಿಯಂ ಹೀರುವುದಕ್ಕೆ ಸ್ವಲ್ಪ ಅಡ್ಡಿ. ಮೊಳಕೆ ಕಟ್ಟಿ ಹುರಿದು ಬೀಸಿದ ಹುರಿಹಿಟ್ಟಿನಲ್ಲಿ ಆ ಅಡ್ಡಿ ಕಡಿಮೆ. ಪಾಲಕ್ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಇದ್ದರೂ ಆಕ್ಸಲೇಟ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೈಗೆ ದಕ್ಕುವುದು ಅತ್ಯಲ್ಪ. ಊಟದಲ್ಲಿ ಎಷ್ಟು ಕಡಿಮೆ ಬೀಳುತ್ತದೋ ಅಷ್ಟನ್ನು ಮಾತ್ರೆಯಿಂದ ತುಂಬಿಸಿದರೆ ಸಾಕು.

ವಿಟಮಿನ್ ಡಿ ಕತೆ ಇಷ್ಟು ಸರಳವಲ್ಲ. 1992ರಲ್ಲಿ ಫ್ರಾನ್ಸಿನ ವೃದ್ಧಾಶ್ರಮಗಳ 3270 ವೃದ್ಧೆಯರ ಮೇಲೆ ನಡೆದ ಪ್ರಯೋಗ ಕ್ಯಾಲ್ಸಿಯಂ ಜೊತೆ ದಿನಕ್ಕೆ 800 ಯೂನಿಟ್ ವಿಟಮಿನ್ ಡಿ ಕೊಟ್ಟು ಸೊಂಟದ ಮುರಿತವನ್ನು ಗಣನೀಯವಾಗಿ ತಗ್ಗಿಸಿ ತೋರಿಸಿತು. ಮೂವತ್ತು ವರ್ಷದ ನಂತರ, 2022ರಲ್ಲಿ, ಅಮೆರಿಕದ ‘ವೈಟಲ್’ ಅಧ್ಯಯನ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನರಲ್ಲಿ ದಿನಕ್ಕೆ 2000 ಯೂನಿಟ್ ಕೊಟ್ಟರೂ ಮುರಿತ ಕಡಿಮೆಯಾಗಲಿಲ್ಲ ಎಂದು ಹೇಳಿತು. ಎರಡೂ ಸರಿಯೇ. ಫ್ರಾನ್ಸಿನ ವೃದ್ಧೆಯರು ಬಿಸಿಲು ಕಾಣದೆ ಬತ್ತಿದ್ದವರು. ಅಮೆರಿಕದವರಲ್ಲಿ ಬಹುಪಾಲು ಮಂದಿಗೆ ಆಗಲೇ ಸಾಕಷ್ಟಿತ್ತು. ಕೊರತೆ ಇದ್ದವರಿಗೆ ತುಂಬಿಸಿದರೆ ಲಾಭ, ಇರುವವರಿಗೆ ಸುರಿದರೆ ಇಲ್ಲ. ಭಾರತದಲ್ಲಿ ಕೊರತೆ ಸಾಮಾನ್ಯ. ನಮ್ಮ ಅಕ್ಷಾಂಶಕ್ಕೆ ಹತ್ತಿರದ ತಿರುಪತಿಯಲ್ಲಿ ನಡೆದ ಅಧ್ಯಯನದ ಪ್ರಕಾರ ಚರ್ಮ ವಿಟಮಿನ್ ಡಿ ತಯಾರಿಸುವುದು ಮುಖ್ಯವಾಗಿ ಬೆಳಗ್ಗೆ 11ರಿಂದ ಮಧ್ಯಾಹ್ನ 2ರ ಬಿಸಿಲಿನಲ್ಲಿ. ಸೂರ್ಯೋದಯದ ವಾಕಿಂಗ್ ಎಷ್ಟು ಹಿತವಾಗಿದ್ದರೂ ಈ ಕೆಲಸಕ್ಕೆ ಬಾರದು.

ಜಾಸ್ತಿ ಕೊಟ್ಟರೆ ಜಾಸ್ತಿ ಒಳ್ಳೆಯದು ಎಂಬುದೂ ಸುಳ್ಳು. ಆಸ್ಟ್ರೇಲಿಯಾದಲ್ಲಿ ವಯಸ್ಸಾದ ಹೆಂಗಸರಿಗೆ ವರ್ಷಕ್ಕೊಮ್ಮೆ ಐದು ಲಕ್ಷ ಯೂನಿಟ್ ಒಟ್ಟಿಗೆ ಕೊಟ್ಟು ನೋಡಿದರು. 2010ರಲ್ಲಿ ಫಲಿತಾಂಶ ಬಂದಾಗ ಬೀಳುವುದೂ ಮುರಿಯುವುದೂ ಎರಡೂ ಹೆಚ್ಚಾಗಿದ್ದವು. ವಾರಕ್ಕೊಂದರಂತೆ ಬರೆದುಕೊಟ್ಟ ಅರವತ್ತು ಸಾವಿರದ ಸ್ಯಾಷೆಯನ್ನು ನಿಲ್ಲಿಸುವುದು ಯಾವಾಗ ಎಂದು ಕೇಳಿಕೊಳ್ಳದೆ ವರ್ಷವಿಡೀ ನುಂಗುವವರು ಇದನ್ನು ಗಮನಿಸಬೇಕು.

ವ್ಯಾಯಾಮದ ಬಗ್ಗೆ ಕಳೆದ ದಶಕದಲ್ಲಿ ತಿಳಿವಳಿಕೆ ಬದಲಾಗಿದೆ. ಮೂಳೆ ಟೊಳ್ಳಾದವರು ಭಾರ ಎತ್ತಬಾರದು, ನಿಧಾನ ನಡೆದರೆ ಸಾಕು ಎಂಬುದು ಹಿಂದಿನ ಬುದ್ಧಿಮಾತು. ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯ 2018ರಲ್ಲಿ ಪ್ರಕಟಿಸಿದ ‘ಲಿಫ್ಟ್‌ಮೋರ್’ ಅಧ್ಯಯನದಲ್ಲಿ ಮುಟ್ಟು ನಿಂತ, ಮೂಳೆ ಕಡಿಮೆಯಿರುವ 101 ಹೆಂಗಸರಿದ್ದರು. ಅವರಲ್ಲಿ ಒಂದು ಗುಂಪಿನವರು ವಾರಕ್ಕೆರಡು ಸಲ, ಅರ್ಧ ಗಂಟೆ, ತರಬೇತುದಾರರ ಕಣ್ಣೆದುರು ನಿಜಕ್ಕೂ ಭಾರವಾದ ತೂಕ ಎತ್ತಿದರು, ನೆಲಕ್ಕೆ ಜಿಗಿದರು. ಎಂಟು ತಿಂಗಳಲ್ಲಿ ಅವರ ಬೆನ್ನೆಲುಬಿನ ಸಾಂದ್ರತೆ ಶೇ. 2.9 ಏರಿತು, ಮನೆಯಲ್ಲೇ ಹಗುರ ವ್ಯಾಯಾಮ ಮಾಡಿದವರದ್ದು ಶೇ. 1.2 ಇಳಿಯಿತು. ಮೂಳೆಗೆ ಹೊರೆ ಬಿದ್ದರೆ ಮಾತ್ರ ಅದು ಕಟ್ಟಿಕೊಳ್ಳುತ್ತದೆ. ಹಾಗೆಂದು ತಾವೇ ಮನೆಯಲ್ಲಿ ಅಕ್ಕಿಮೂಟೆ ಎತ್ತಲು ಹೋಗಬಾರದು. ಆ ಅಧ್ಯಯನದ ಯಶಸ್ಸಿನಲ್ಲಿ ಅರ್ಧ ಪಾಲು ಪಕ್ಕದಲ್ಲಿ ನಿಂತು ಭಂಗಿ ತಿದ್ದಿದವರದ್ದು.

ಯೋಗ ಮಾಡುವವರಿಗೆ ಒಂದು ಮಾತು ಅಗತ್ಯವಾಗಿ ಹೇಳಬೇಕು. ಮೇಯೊ ಕ್ಲಿನಿಕ್ಕಿನ ಮೆಹರ್‌ಶೀದ್ ಸಿನಾಕಿ 1984ರಲ್ಲಿ ಬೆನ್ನೆಲುಬು ದುರ್ಬಲವಾಗಿದ್ದ ಹೆಂಗಸರ ಒಂದು ಚಿಕ್ಕ ಅಧ್ಯಯನ ಪ್ರಕಟಿಸಿದರು. ಮುಂದೆ ಬಾಗುವ ವ್ಯಾಯಾಮ ಮಾಡಿದವರಲ್ಲಿ ಶೇ. 89 ಮಂದಿಗೆ ಬೆನ್ನೆಲುಬು ಮತ್ತೆ ಕುಸಿದಿತ್ತು. ಬೆನ್ನನ್ನು ಹಿಂದಕ್ಕೆ ನೆಟ್ಟಗೆ ಚಾಚುವ ವ್ಯಾಯಾಮ ಮಾಡಿದವರಲ್ಲಿ ಶೇ. 16. ಆಸ್ಟಿಯೊಪೊರೋಸಿಸ್ ಇದ್ದವರಿಗೆ ಪಶ್ಚಿಮೋತ್ತಾನಾಸನ, ಹಲಾಸನ ಬೇಡ. ಭುಜಂಗಾಸನದಂಥವನ್ನು ಮಿತವಾಗಿ, ವೃಕ್ಷಾಸನವನ್ನು ಗೋಡೆಯ ಆಸರೆಯಲ್ಲಿ ಮಾಡಬಹುದು. ಎರಡನೆಯದು ಸಮತೋಲಕ್ಕೂ ಒಳ್ಳೆಯದು. ಬೀಳದೇ ಇರುವುದೂ ಚಿಕಿತ್ಸೆಯೇ. ಕಣ್ಣಿನ ಪೊರೆ ತೆಗೆಸುವುದು, ರಾತ್ರಿಯ ನಿದ್ದೆಮಾತ್ರೆ ಬಿಡಿಸುವುದು, ಬಚ್ಚಲ ಗೋಡೆಗೆ ಹಿಡಿಕೆ ಜೋಡಿಸುವುದು ಯಾವ ಸ್ಕ್ಯಾನಿಗೂ ಕಾಯಬೇಕಾದ ಕೆಲಸಗಳಲ್ಲ.

ಆದರೂ ಮೂಳೆ ಆಗಲೇ ಮುರಿದವರಿಗೆ ಊಟ, ಬಿಸಿಲು, ವ್ಯಾಯಾಮ ಸಾಲವು. ಕ್ಯಾಲ್ಸಿಯಂ ಮಾತ್ರೆಯೊಂದನ್ನೇ ಚಿಕಿತ್ಸೆ ಎಂದು ಕೊಟ್ಟು ಕಳಿಸುವುದು ಅವರಿಗೆ ಮಾಡುವ ಅನ್ಯಾಯ. ಅಲ್ಲಿ ಔಷಧಿ ಬೇಕು.

ಮೊದಲು ಬಂದದ್ದು ಈಸ್ಟ್ರೋಜನ್ನೇ. 2002ರ ಜುಲೈನಲ್ಲಿ ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಅಧ್ಯಯನದ ಒಂದು ಹಾರ್ಮೋನು ಭಾಗ ಅರ್ಧದಲ್ಲೇ ನಿಂತಿತು. 16,608 ಹೆಂಗಸರಿದ್ದ ಆ ಪರೀಕ್ಷೆಯಲ್ಲಿ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಜೊತೆಯಾಗಿ ಸೊಂಟದ ಮುರಿತವನ್ನು ಸುಮಾರು ಮೂರನೇ ಒಂದರಷ್ಟು ಇಳಿಸಿದ್ದವು. ಜೊತೆಗೆ ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವಿಕೆ ಹೆಚ್ಚಿದ್ದವು. ಜಗತ್ತಿನಾದ್ಯಂತ ಹೆಂಗಸರು ರಾತ್ರೋರಾತ್ರಿ ಹಾರ್ಮೋನು ಬಿಟ್ಟರು. ಆ ಅಧ್ಯಯನದಲ್ಲಿದ್ದವರ ಸರಾಸರಿ ವಯಸ್ಸು 63 ಎಂಬುದು ಗದ್ದಲದಲ್ಲಿ ಮರೆಯಾಯಿತು. ಮುಟ್ಟು ನಿಂತ ಹತ್ತು ವರ್ಷದೊಳಗೆ, ಅರವತ್ತಕ್ಕೆ ಮೊದಲು ಶುರುಮಾಡಿದವರಲ್ಲಿ ಲಾಭ-ನಷ್ಟದ ತಕ್ಕಡಿ ಬೇರೆಯಾಗಿಯೇ ತೂಗುತ್ತದೆ ಎಂದು ಆಮೇಲಿನ ವಿಶ್ಲೇಷಣೆಗಳು ತೋರಿಸಿದವು. ಮೈ ಬಿಸಿಯೇರಿ ಬೆವರುವ ತೊಂದರೆಯೂ ಇರುವ, ಸ್ತನ ಕ್ಯಾನ್ಸರಿನ ಚರಿತ್ರೆ ಇಲ್ಲದ ಐವತ್ತರ ಹೆಂಗಸಿಗೆ ಹಾರ್ಮೋನು ಇಂದಿಗೂ ಒಳ್ಳೆಯ ಆಯ್ಕೆ.

ಇಂದಿನ ಚಿಕಿತ್ಸೆಯ ಬೆನ್ನೆಲುಬು ಬಿಸ್‌ಫಾಸ್ಫೊನೇಟ್ ಗುಂಪಿನ ಔಷಧಿಗಳು. ಅವುಗಳ ಹುಟ್ಟು ಕುತೂಹಲದ್ದು. ಕೊಳವೆಗಳಲ್ಲಿ ಸುಣ್ಣದ ಪೊರೆ ಕಟ್ಟದಂತೆ ನೀರಿಗೆ ಬೆರೆಸುವ ಪಾಲಿಫಾಸ್ಫೇಟ್‌ಗಳ ಗುಣವನ್ನು ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ಹರ್ಬರ್ಟ್ ಫ್ಲೈಶ್ 1960ರ ದಶಕದಲ್ಲಿ ಮೂಳೆಯ ಸಂದರ್ಭದಲ್ಲಿ ಅಭ್ಯಾಸ ಮಾಡುತ್ತಿದ್ದರು. ಅದೇ ಜಾತಿಯ, ಹೊಟ್ಟೆಯಲ್ಲಿ ಒಡೆಯದ ರಾಸಾಯನಿಕಗಳನ್ನು ಹುಡುಕುತ್ತ ಹೋಗಿ ಮೂಳೆ ಕರಗಿಸುವ ಕೋಶಗಳನ್ನು ತಡೆಯುವ ಔಷಧಿ ಸಿಕ್ಕಿತು. ಅಲೆಂಡ್ರೊನೇಟ್‌ಗೆ 1995ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಬೆನ್ನೆಲುಬು ಆಗಲೇ ಕುಸಿದಿದ್ದ ಎರಡು ಸಾವಿರ ಹೆಂಗಸರಲ್ಲಿ ಅದು ಹೊಸ ಕುಸಿತವನ್ನೂ ಸೊಂಟದ ಮುರಿತವನ್ನೂ ಸುಮಾರು ಅರ್ಧಕ್ಕೆ ಇಳಿಸಿತು. ವಾರಕ್ಕೊಂದು 70 ಮಿಲಿಗ್ರಾಂ ಮಾತ್ರೆ. ಬೆಳಗ್ಗೆ ಎದ್ದ ಕೂಡಲೇ, ಬರಿಹೊಟ್ಟೆಯಲ್ಲಿ, ಒಂದು ಲೋಟ ಬರೀ ನೀರಿನ ಜೊತೆ ನುಂಗಿ ಅರ್ಧ ಗಂಟೆ ಕೂತಿರಬೇಕು ಇಲ್ಲವೇ ಓಡಾಡುತ್ತಿರಬೇಕು, ಮಲಗಬಾರದು. ಕಾಫಿಯ ಜೊತೆ ನುಂಗಿದರೆ ಔಷಧಿ ಮೈಗೆ ಹತ್ತುವುದು ಬಹಳ ಕಡಿಮೆಯಾಗುತ್ತದೆ. ಬೆಳಗಿನ ಕಾಫಿಯಿಲ್ಲದೆ ದಿನ ಶುರುವಾಗದ ನಮ್ಮ ಮನೆಗಳಲ್ಲಿ ಇದನ್ನು ಬಿಡಿಸಿ ಹೇಳದಿದ್ದರೆ ಚಿಕಿತ್ಸೆ ನಡೆದೂ ನಡೆಯದಂತಾಗುತ್ತದೆ.

ಅದೇ ಗುಂಪಿನ ಝೊಲೆಡ್ರೊನಿಕ್ ಆಸಿಡ್ ಈ ತಾಪತ್ರಯ ತಪ್ಪಿಸಿತು: ವರ್ಷಕ್ಕೊಮ್ಮೆ ಡ್ರಿಪ್. 2007ರ ‘ಹೊರೈಜನ್’ ಅಧ್ಯಯನದಲ್ಲಿ ಬೆನ್ನೆಲುಬಿನ ಕುಸಿತ ಶೇ. 70, ಸೊಂಟದ ಮುರಿತ ಶೇ. 41 ಕಡಿಮೆಯಾದವು. ಮೊದಲ ಸಲ ಹಾಕಿಸಿಕೊಂಡಾಗ ಒಂದೆರಡು ದಿನ ಜ್ವರ, ಮೈಕೈ ನೋವು ಬರಬಹುದು. ಕಿಡ್ನಿ ಸರಿಯಿದೆಯೇ, ವಿಟಮಿನ್ ಡಿ ಸಾಕಷ್ಟಿದೆಯೇ ಎಂದು ನೋಡಿಯೇ ಹಾಕಬೇಕು.

ಈ ಔಷಧಿಗಳ ಹೆಸರು ಕೇಳಿದೊಡನೆ ಅನೇಕರಿಗೆ ಬರುವುದು ಭಯ. ದವಡೆ ಮೂಳೆ ಕೊಳೆಯುತ್ತದಂತೆ, ತೊಡೆಮೂಳೆ ತಾನಾಗಿ ಮುರಿಯುತ್ತದಂತೆ. ಎರಡೂ ಇವೆ, ಎರಡೂ ಅಪರೂಪ. ದವಡೆಯ ತೊಂದರೆ ಹೆಚ್ಚಾಗಿ ಕಂಡದ್ದು ಕ್ಯಾನ್ಸರ್ ರೋಗಿಗಳಿಗೆ ಕೊಡುವ ಬಹಳ ದೊಡ್ಡ ಪ್ರಮಾಣದಲ್ಲಿ. ಹಲ್ಲು ಕೀಳಿಸುವುದಿದ್ದರೆ ಮೊದಲೇ ಮುಗಿಸಿಕೊಳ್ಳುವುದು ಜಾಣತನ. ತೊಡೆಮೂಳೆಯ ವಿಚಾರದಲ್ಲಿ 2020ರಲ್ಲಿ ಕ್ಯಾಲಿಫೋರ್ನಿಯಾದ ಸುಮಾರು ಎರಡು ಲಕ್ಷ ಹೆಂಗಸರ ದಾಖಲೆಗಳಿಂದ ಸ್ಪಷ್ಟ ಲೆಕ್ಕ ಸಿಕ್ಕಿತು. ಮೂರು ವರ್ಷ ಔಷಧಿ ತೆಗೆದುಕೊಂಡ ಹತ್ತು ಸಾವಿರ ಬಿಳಿಯ ಹೆಂಗಸರಲ್ಲಿ 149 ಸೊಂಟದ ಮುರಿತ ತಪ್ಪುತ್ತವೆ, 2 ವಿಲಕ್ಷಣ ಮುರಿತ ಉಂಟಾಗುತ್ತವೆ. ಏಷ್ಯಾ ಮೂಲದವರಲ್ಲಿ ತಪ್ಪುವವು 91, ಉಂಟಾಗುವವು 8. ನಮ್ಮವರಿಗೆ ಅಪಾಯ ತುಸು ಹೆಚ್ಚಿರಬಹುದು ಎಂದು ಒಪ್ಪಿಕೊಂಡರೂ ಲಾಭವೇ ಬಹಳ ಮುಂದಿದೆ. ಐದು ವರ್ಷದ ಬಳಿಕ ಅಪಾಯ ಕಡಿಮೆಯಿರುವವರಿಗೆ ಔಷಧಿಗೆ ಬಿಡುವು ಕೊಡುವುದು ಈ ವಿಲಕ್ಷಣ ಮುರಿತದ ಕಾರಣಕ್ಕೆ. ಔಷಧಿ ನಡೆಯುತ್ತಿರುವಾಗ ತೊಡೆ ಅಥವಾ ತೊಡೆಸಂದಿಯಲ್ಲಿ ಹೊಸದಾಗಿ ನೋವು ಬಂದರೆ ತಡಮಾಡದೆ ಎಕ್ಸ್‌ರೇ ತೆಗೆಸಬೇಕು.

ಡೆನೊಸುಮ್ಯಾಬ್ ಆರು ತಿಂಗಳಿಗೊಮ್ಮೆ ಚರ್ಮದಡಿ ಕೊಡುವ ಚುಚ್ಚುಮದ್ದು, 2010ರಿಂದ ಬಳಕೆಯಲ್ಲಿದೆ. ಕಿಡ್ನಿ ದುರ್ಬಲವಿದ್ದವರಿಗೆ ಅನುಕೂಲ, ಫಲವೂ ಉತ್ತಮ. ಆದರೆ ಅದನ್ನು ನಡುವೆ ಕೈಬಿಡುವಂತಿಲ್ಲ. ನಿಲ್ಲಿಸಿದ ಕೆಲವೇ ತಿಂಗಳಲ್ಲಿ ಗಳಿಸಿದ ಮೂಳೆಯೆಲ್ಲ ಕರಗಿ, ಕೆಲವರಿಗೆ ಒಂದರ ಮೇಲೊಂದು ಬೆನ್ನೆಲುಬು ಕುಸಿಯುತ್ತದೆ. ನಿಲ್ಲಿಸಲೇಬೇಕಾದರೆ ಬಿಸ್‌ಫಾಸ್ಫೊನೇಟ್ ಹಿಂಬಾಲಿಸಬೇಕು. ದುಡ್ಡಿಲ್ಲವೆಂದೋ ಊರು ಬದಲಾಯಿತೆಂದೋ ಸೂಜಿ ತಪ್ಪುವ ಸಂಭವ ಇರುವ ಕಡೆ ಇದನ್ನು ಶುರುಮಾಡುವ ಮುನ್ನ ವೈದ್ಯರು ಎರಡು ಸಲ ಯೋಚಿಸಬೇಕು.

ಈವರೆಗೆ ಹೇಳಿದ್ದೆಲ್ಲ ಕರಗುವುದನ್ನು ತಡೆಯುವ ಔಷಧಿಗಳು. ಹೊಸದಾಗಿ ಕಟ್ಟುವ ಔಷಧಿಗಳಲ್ಲಿ ಎರಡು ಹೆಚ್ಚು ಹೆಸರು ಮಾಡಿವೆ. ಟೆರಿಪ್ಯಾರಟೈಡ್ ದಿನಾ ಚುಚ್ಚಿಕೊಳ್ಳುವಂಥದ್ದು, ಎರಡು ವರ್ಷ. ರೊಮೊಸೊಝುಮ್ಯಾಬ್ ತಿಂಗಳಿಗೊಮ್ಮೆ, ಒಂದು ವರ್ಷ, 2019ರಲ್ಲಿ ಬಂತು. ಎರಡನೆಯದರ ಬೀಜ ಇದ್ದದ್ದು ದಕ್ಷಿಣ ಆಫ್ರಿಕಾದ ಆಫ್ರಿಕಾನರ್ ಕುಟುಂಬಗಳಲ್ಲಿ ಕಾಣಸಿಗುವ ಒಂದು ಅಪರೂಪದ ಆನುವಂಶಿಕ ಸ್ಥಿತಿಯಲ್ಲಿ. ಸ್ಕ್ಲೆರೊಸ್ಟಿನ್ ಎಂಬ ಪ್ರೋಟೀನು ಇಲ್ಲದ ಅವರ ಮೂಳೆಗಳು ಅಸಾಧಾರಣ ದಪ್ಪ. ಆ ಪ್ರೋಟೀನನ್ನು ತಡೆದರೆ ಮೂಳೆ ಬೆಳೆಯುತ್ತದೆ ಎಂಬುದು ಅಲ್ಲಿಂದ ಹೊಳೆದದ್ದು. ಇತ್ತೀಚೆಗೆ ಹೃದಯಾಘಾತ, ಪಾರ್ಶ್ವವಾಯು ಆದವರಿಗೆ ಮಾತ್ರ ಇದು ಸಲ್ಲದು. ಇಲ್ಲಿ ಕ್ರಮ ಮುಖ್ಯ: ಬೆನ್ನೆಲುಬು ಹಲವೆಡೆ ಕುಸಿದವರಿಗೆ ಮೊದಲು ಕಟ್ಟುವ ಔಷಧಿ, ಆಮೇಲೆ ಕಟ್ಟಿದ್ದನ್ನು ಕಾಯುವ ಔಷಧಿ. ಬೆಲೆ ಇನ್ನೂ ಬಹುತೇಕರ ಕೈಗೆಟುಕದು.

ಸೊಂಟವೇ ಮುರಿದಾಗ ಲೆಕ್ಕವೆಲ್ಲ ಬದಲಾಗುತ್ತದೆ. ಒಂದು ವರ್ಷದೊಳಗೆ ಸುಮಾರು ಐವರಲ್ಲಿ ಒಬ್ಬರು ತೀರಿಕೊಳ್ಳುತ್ತಾರೆ. ಬದುಕಿದವರಲ್ಲಿ ಬಹಳ ಮಂದಿ ಮೊದಲಿನಂತೆ ನಡೆಯುವುದಿಲ್ಲ. ಮುರಿದ ಮೂಳೆಗೆ ಕಟ್ಟು ಹಾಕುವ ನಾಟಿವೈದ್ಯರ ‘ಪುತ್ತೂರು ಕಟ್ಟು’ ಎಂಬ ಫಲಕ ಕರ್ನಾಟಕದ ಊರೂರಿನಲ್ಲಿದೆ, ನಂಬಿಕೆಯೂ ಅಷ್ಟೇ ಆಳ. ಸೊಂಟದ ಮುರಿತ ಮಾತ್ರ ಕಟ್ಟಿಗೆ ಬಗ್ಗುವುದಲ್ಲ. ಎರಡು ದಿನದೊಳಗೆ ಶಸ್ತ್ರಕ್ರಿಯೆಯಾಗಿ ಬೇಗ ಎದ್ದು ನಿಂತವರಿಗೆ ಮಲಗಿದಲ್ಲೇ ಬರುವ ನ್ಯುಮೋನಿಯ, ಬೆನ್ನಹುಣ್ಣು ತಪ್ಪುತ್ತವೆ. ಕಬ್ಬಿಣ ಕೂರಿಸಿ ಹೊಲಿಗೆ ಹಾಕಿದರೆ ಕೆಲಸ ಮುಗಿಯಿತು ಎನ್ನುವಂತೆಯೂ ಇಲ್ಲ. ಸೊಂಟ ಮುರಿದ 90 ದಿನದೊಳಗೆ ಝೊಲೆಡ್ರೊನಿಕ್ ಕೊಟ್ಟ ಅಧ್ಯಯನವೊಂದು 2007ರಲ್ಲೇ ಹೊಸ ಮುರಿತ ಶೇ. 35, ಸಾವು ಶೇ. 28 ಕಡಿಮೆಯಾದುದನ್ನು ತೋರಿಸಿತ್ತು. ಶಸ್ತ್ರಕ್ರಿಯೆಯ ಬಿಲ್ಲಿನ ಎದುರು ಆ ಡ್ರಿಪ್ಪಿನ ಬೆಲೆ ಏನೂ ಅಲ್ಲ. ಆದರೂ ಅದು ಬಿಟ್ಟುಹೋಗುತ್ತದೆ. ಯಾಕೆಂದರೆ ಮೂಳೆ ಜೋಡಿಸುವುದು ಒಬ್ಬ ವೈದ್ಯರ ಕೆಲಸ, ಮೂಳೆಗೆ ಔಷಧಿ ಕೊಡುವುದು ಇನ್ನೊಬ್ಬರದ್ದು. ನಡುವಿನ ದಾರಿ ಯಾರ ಹೊಣೆಯೂ ಅಲ್ಲ.

ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರ 1999ರಲ್ಲಿ ಆ ಹೊಣೆಯನ್ನು ನರ್ಸ್‌ಗಳಿಗೆ ಒಪ್ಪಿಸಿತು. ಮುರಿತವೆಂದು ಬಂದ ಐವತ್ತು ಮೀರಿದ ಪ್ರತಿಯೊಬ್ಬರನ್ನೂ ಗುರುತಿಸುವುದು, ಸ್ಕ್ಯಾನಿಗೆ ಕಳಿಸುವುದು, ಔಷಧಿ ಶುರುಮಾಡಿಸುವುದು, ಬಿಡದೆ ವಿಚಾರಿಸುವುದು ಅವರ ಕೆಲಸ. ಇಂದು ಹಲವು ದೇಶಗಳಲ್ಲಿ ನಡೆಯುವ ಫ್ರ್ಯಾಕ್ಚರ್ ಲಿಯಾಸನ್ ಸೇವೆಗೆ ಅದೇ ಮಾದರಿ. ನಮ್ಮ ರಾಷ್ಟ್ರೀಯ ಅಸಾಂಕ್ರಾಮಿಕ ರೋಗ ಕಾರ್ಯಕ್ರಮ ಮೂವತ್ತು ದಾಟಿದವರಲ್ಲಿ ಸಕ್ಕರೆ ಕಾಯಿಲೆ, ಬಿಪಿ, ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ಹುಡುಕುತ್ತದೆ. ಆ ಕೆಲಸದಲ್ಲಿರುವ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಎರಡು ಪ್ರಶ್ನೆ ಸೇರಿಸಬಹುದು: ಮುಟ್ಟು ಯಾವಾಗ, ಹೇಗೆ ನಿಂತಿತು? ಐವತ್ತರ ಮೇಲೆ ಮೂಳೆ ಮುರಿದಿತ್ತೇ?

2025ರ ಆರಂಭದಲ್ಲಿ ನ್ಯೂಜಿಲೆಂಡಿನಿಂದ ಬಂದ ಅಧ್ಯಯನ ಈ ಇಡೀ ಕ್ಷೇತ್ರಕ್ಕೆ ಹೊಸ ದಿಕ್ಕು ತೋರಿದೆ. ಐವತ್ತರಿಂದ ಅರವತ್ತರೊಳಗಿನ, ಮುಟ್ಟು ನಿಂತು ಹೆಚ್ಚು ಕಾಲವಾಗದ 1054 ಹೆಂಗಸರು ಅದರಲ್ಲಿದ್ದರು. ಒಂದು ಗುಂಪಿಗೆ ಆರಂಭದಲ್ಲೊಮ್ಮೆ, ಐದು ವರ್ಷದ ನಂತರ ಮತ್ತೊಮ್ಮೆ ಝೊಲೆಡ್ರೊನಿಕ್ ಕೊಟ್ಟರು. ಹತ್ತು ವರ್ಷಕ್ಕೆ ಒಟ್ಟು ಎರಡೇ ಡ್ರಿಪ್. ಹತ್ತನೆಯ ವರ್ಷ ಆ ಗುಂಪಿನ ಶೇ. 6.3 ಮಂದಿಯಲ್ಲಿ ಹೊಸದಾಗಿ ಬೆನ್ನೆಲುಬು ಕುಸಿದಿತ್ತು, ಔಷಧಿಯಿಲ್ಲದವರಲ್ಲಿ ಶೇ. 11.1. ಮೊದಲ ಮುರಿತಕ್ಕೂ ಮುಂಚೆಯೇ ತಡೆಯಲು ಸಾಧ್ಯವೆಂಬುದು ಇದರರ್ಥ. ಅಲ್ಲಿನ ಹೆಂಗಸರು ಆರೋಗ್ಯವಂತರು, ವಿಟಮಿನ್ ಡಿ ಕೊರತೆ ನಮ್ಮಷ್ಟಿಲ್ಲದವರು. ನಲವತ್ತಾರಕ್ಕೇ ಮುಟ್ಟು ನಿಂತ ಮಂಡ್ಯದ, ಗರ್ಭಕೋಶದ ಜೊತೆ ಅಂಡಾಶಯವನ್ನೂ ಕಳೆದುಕೊಂಡ ಕಲಬುರಗಿಯ, ಫ್ಲೋರೈಡ್ ನೀರು ಕುಡಿದ ಪಾವಗಡದ ಹೆಂಗಸರಲ್ಲಿ ಇಂಥದೇ ಪರೀಕ್ಷೆ ನಡೆಯಬೇಕು. ಔಷಧಿ ಭಾರತದಲ್ಲೇ ತಯಾರಾಗುತ್ತದೆ. ಅದನ್ನು ಹಾಕಲು ಬೇಕಾದ ಮಂಚ, ನರ್ಸ್, ಕಿಡ್ನಿಯ ರಕ್ತಪರೀಕ್ಷೆ ತಾಲ್ಲೂಕು ಆಸ್ಪತ್ರೆಯ ಮಟ್ಟದಲ್ಲೇ ಸಿಗುವಂಥವು.